ರಾಧಾಬಾಯಿಯವರ ಮರಳು ಹೊಲ

ಬಿಡಕಿನ್, ಛತ್ರಪತಿ ಸಂಭಾಜಿನಗರ ಜಿಲ್ಲೆ
೧೩ ಜುಲೈ ೨೦೨೫, ರವಿವಾರ

ನಮ್ಮ ಮನೆಯ ಯಜಮಾನರಿಗೆ ವಿದ್ಯಾವತಿಯ ನಮಸ್ಕಾರಗಳು.

ನಾಸಿಕದ ಮಳೆಯಲ್ಲಿ ನಿಮ್ಮ ಕೆಮ್ಮು ಹೇಗಿದೆ? ಸೆಂಟ್ರಿಂಗ್ ಮೇಲೆ ಹತ್ತುವಾಗ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತೀರಿ ತಾನೆ? ನಾನೂ ಮಗಳು ರುಚಿತಾಳೂ ಆರಾಮ ಇದ್ದೇವೆ. ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಕೂಲಿಯವರ ಶೆಡ್ಡಿನ ಪಕ್ಕ, ಹಳ್ಳದ ದಂಡೆಗೆ ರಾಧಾಬಾಯಿಯವರ ಮರಳು ಹೊಲ ಇದೆಯಲ್ಲ, ಅದರ ಕಥೆ ಕೇಳಿ. ನೀವು ಹೋದ ಮೇಲೆ ಅವರ ಮಗ ದತ್ತು, ಹೊಲ ಇನ್ನಷ್ಟು ಅಗಲವಾಗಲಿ ಎಂದು ಪಡುವಣ ಬದುವಿನ ಜಾಲಿ, ಬಾರಿಗಿಡಗಳನ್ನೆಲ್ಲ ಜೆಸಿಬಿಯಿಂದ ಕೀಳಿಸಿದ. ಹಳೆಯ ಸಜ್ಜೆಯ ಕೂಳೆಯನ್ನೂ ಬಿಡದೆ ನೇಗಿಲು ಹೊಡೆದು ಅಂಗಳದಂತೆ ಹಸನು ಮಾಡಿದ. ಬೇಸಿಗೆಯ ಗಾಳಿ ಎದ್ದಾಗ ಆ ಮಣ್ಣೆಲ್ಲ ನಮ್ಮ ಶೆಡ್ಡಿಗೇ ಬಂತು. ಹಿಟ್ಟಿನಲ್ಲಿ ಮರಳು, ಹಾಸಿಗೆಯಲ್ಲಿ ಮರಳು. ಜೂನಿನ ಮೊದಲ ಮಳೆಗೆ ಬಿತ್ತಿದ ಸಜ್ಜೆ ಎರಡೆಲೆ ಬಿಟ್ಟಿತ್ತು, ಅಷ್ಟರಲ್ಲಿ ಮಳೆ ನಿಂತು ಮತ್ತೆ ಬೀಸಿದ ಗಾಳಿ ಸಸಿಗಳನ್ನೆಲ್ಲ ಮರಳಿನಲ್ಲಿ ಹೂತುಬಿಟ್ಟಿತು. ರಾಧಾಬಾಯಿ ಬದುವಿನ ಮೇಲೆ ಕೂತು ಅತ್ತರು.

ನಾನು ಚಹಾ ಒಯ್ದು ಕೊಟ್ಟೆ. ಭೀಮಾ ದಂಡೆಯ ನಮ್ಮ ತವರಿನಲ್ಲಿ ಹೀಗಾದಾಗ ಅವ್ವ ತೊಗರಿಕಟ್ಟಿಗೆಯನ್ನು ಗಾಳಿಗೆ ಅಡ್ಡ ಸಾಲಾಗಿ ನೆಡುತ್ತಿದ್ದಳು ಎಂದೆ. ನನ್ನ ಮರಾಠಿ ನಿಮಗೆ ಗೊತ್ತಲ್ಲ, ಅರ್ಧ ಕೈಸನ್ನೆ. ಆದರೂ ತಿಳಿಯಿತು. ದತ್ತು ಹೋದ ವರ್ಷದ ಹತ್ತಿಕಟ್ಟಿಗೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ಸುರಿದ. ರಜೆಯ ದಿನ ಶೆಡ್ಡಿನ ಹೆಂಗಸರೆಲ್ಲ ಹೋದೆವು. ಪಕ್ಕದ ಶೆಡ್ಡಿನ ಚನಬಸವ್ವ ಹಾಡು ಹೇಳಿದರೆ ರಾಧಾಬಾಯಿ ಮರಾಠಿ ಹಾಡಿನಲ್ಲಿ ಉತ್ತರ ಕೊಟ್ಟರು. ನಗುತ್ತ ನೆಟ್ಟಿದ್ದಕ್ಕೇ ಸಾಲು ಸೊಟ್ಟಗಾಗಿವೆ. ಆ ಸಾಲುಗಳ ನಡುವೆ ಮತ್ತೆ ಬಿತ್ತಿದರು.

ಹೋದ ವಾರ ಗಾಳಿ ಜೋರಾಯಿತು. ನಾವೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಹೊಲಕ್ಕೆ ಓಡಿದೆವು. ಕಟ್ಟಿಗೆಯ ಬುಡದಲ್ಲಿ ಮರಳು ಗುಪ್ಪೆಯಾಗಿ ನಿಂತಿತ್ತು, ಅದರ ಮರೆಯಲ್ಲಿ ಹಸಿರು ಸಸಿಗಳು ಹಾಯಾಗಿ ತಲೆದೂಗುತ್ತಿದ್ದವು. ರಾಧಾಬಾಯಿ ನನ್ನ ಎರಡೂ ಕೈ ಹಿಡಿದು, ಆ ವಯಸ್ಸಿನಲ್ಲಿ, ಗರಗರನೆ ತಿರುಗುತ್ತ ಫುಗಡಿ ಆಡಿದರು. ದತ್ತು ಈಗ ಬದುವಿಗೆ ಬೇವಿನ ಸಸಿ ನೆಡುತ್ತಿದ್ದಾನೆ.

ಮೈ ಕಡೆ ಲಕ್ಷ್ಯವಿರಲಿ. ನಿಮ್ಮ ಜೊತೆಗಿರುವ ಅಮಸಿದ್ದಣ್ಣನಿಗೂ ನನ್ನ ಶರಣು ತಿಳಿಸಿ.

ನಿಮ್ಮ
ವಿದ್ಯಾವತಿ

ತಾ.ಕ.: ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ದತ್ತುವಿಗೆ ಶೇಂದ್ರಾದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದೆ. ರಾಧಾಬಾಯಿ ಕೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, "ನನ್ನ ಒಬ್ಬಾಕಿ ಕೈಲೆ ಆಗೂದಿಲ್ಲ. ಹೊಲಾ ಪಾಲಿಗೆ ನೀವು ಮಾಡ್ತೀರೇನು?" ನಿಮ್ಮನ್ನು ಕೇಳದೆ ಹೂಂ ಎಂದುಬಿಟ್ಟೆ. ಸ್ಲ್ಯಾಬ್ ಮುಗಿಯುತ್ತಲೇ ಬಂದುಬಿಡಿ, ಕಳೆ ತೆಗೆಯುವುದಿದೆ.