ಇಂಟರ್ವಲ್ ಆದ ಮೇಲಿನ ಕಥೆ

ಮಂಗಮ್ಮತ್ತೆಗೆ,

ಚಿಕ್ಕಬಳ್ಳಾಪುರದಿಂದ ನಿಮ್ಮ ರೂಪಳ ನಮಸ್ಕಾರ. ಈ ಕಾಗದವನ್ನು ನಿಮ್ಮ ಸೊಸೆ ಕವಿತ ಓದಿ ಹೇಳುತ್ತಾಳೆ. ಅವಸರದಲ್ಲಿ ಓದಿದರೆ ಗದರಿಸಿ, ಮತ್ತೆ ಮೊದಲಿನಿಂದ ಓದಿಸಿಕೊಳ್ಳಿ.

ನನ್ನ ಕಾದಂಬರಿಯನ್ನು ಸಿನಿಮಾ ಮಾಡುತ್ತೇನೆಂದು ಭಾನುಪ್ರಕಾಶ್ ಎನ್ನುವ ನಿರ್ದೇಶಕರು ಮನೆಗೆ ಬಂದಿದ್ದರು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅವರು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನಾನು ಚಿಂತಾಮಣಿಯ ಟಾಕೀಸಿನಲ್ಲಿ ಕೂತು ಪರದೆಯ ಮೇಲೆ ನನ್ನ ಹೆಸರು ನೋಡಿ ಆಗಿತ್ತು. ಅವತ್ತು ಉಡುವ ಸೀರೆಯನ್ನೂ ಆರಿಸಿಟ್ಟುಕೊಂಡಿದ್ದೆ.

ಈ ಹುಚ್ಚು ಹತ್ತಿಸಿದವರು ನೀವೇ. ಶಿಡ್ಲಘಟ್ಟದ ರೇಷ್ಮೆ ಶೆಡ್ಡಿನಲ್ಲಿ ನೀವೂ ಅಮ್ಮನೂ ಕುದಿಯುವ ನೀರಿನಲ್ಲಿದ್ದ ಗೂಡುಗಳಿಂದ ನೂಲು ತೆಗೆಯುತ್ತಿದ್ದಿರಿ. ಸ್ಕೂಲು ಬಿಟ್ಟ ನಾನು ಗೂಡಿನ ಚೀಲಕ್ಕೆ ಒರಗಿ ಕೂರುತ್ತಿದ್ದೆ. ಭಾನುವಾರ ಚಿಂತಾಮಣಿಯ ತವರಿಗೆ ಹೋದಾಗಲೆಲ್ಲ ನೀವು ಮ್ಯಾಟಿನಿಗೆ ನುಗ್ಗಿ ತೆಲುಗು ಸಿನಿಮಾ ನೋಡಿ, ಸೋಮವಾರ ಅದನ್ನು ಇಡೀ ಶೆಡ್ಡಿಗೆ ಕನ್ನಡದಲ್ಲಿ ಹೇಳುತ್ತಿದ್ದಿರಿ. ಕೈ ನೀರಿನಲ್ಲಿ, ಮುಖದಲ್ಲಿ ಹೀರೋ, ವಿಲನ್, ಗಯ್ಯಾಳಿ ಅತ್ತೆ ಎಲ್ಲರೂ. ಬೆಂದ ಹುಳುವಿನ ವಾಸನೆ ಆಗ ನನಗೆ ಬರುತ್ತಲೇ ಇರಲಿಲ್ಲ.

ಒಮ್ಮೆ, ಗಂಡ ಹೊರಗೆ ಹಾಕಿದ ಹೆಂಡತಿಯ ಕಥೆ ಹೇಳುವಾಗ, ಪಕ್ಕದಲ್ಲಿ ನೂಲು ತೆಗೆಯುತ್ತಿದ್ದ ಲಕ್ಷ್ಮಿದೇವಮ್ಮ ನಿಮ್ಮನ್ನು ಹಿಡಿದುಹಾಕಿದರು. "ಹೋದ್ವಾರ ಆಯಮ್ಮ ಟೈಲರಿಂಗ್ ಅಂಗಡಿ ಇಟ್ಲು ಅಂದೆ, ಇವತ್ತು ಹೋಟ್ಲು ಅಂತೀಯಲ್ಲೇ?" ನೀವು ಎಳೆ ಬಿಡದೆಯೇ ಹೇಳಿದಿರಿ: "ಅದು ಚಿಕ್ಕಬಳ್ಳಾಪುರದಲ್ಲಿ ಓಡ್ತಿರೋ ರೀಲು ಕಣೇ, ಇದು ಚಿಂತಾಮಣಿದು."

ಕಾಲೇಜಿಗೆ ಬಂದ ಮೇಲೆ ಅದೇ ಸಿನಿಮಾವನ್ನು ಟೀವಿಯಲ್ಲಿ ನೋಡಿದೆ. ಗಂಡ ಹೊರಗೆ ಹಾಕಿದ ಹೆಂಡತಿ ಮಗು ಎತ್ತಿಕೊಂಡು ಬೀದಿಗೆ ಬಂದಳು. ಇನ್ನೇನು ಹೋಟೆಲ್ ಇಡುತ್ತಾಳೆ ಎಂದು ಕಾದೆ. ಅವಳು ಮತ್ತೆ ಅದೇ ಗಂಡನ ಕಾಲ ಹತ್ತಿರ ಬಂದು ಸತ್ತಳು. ಓಡಿ ಬಂದು ನಿಮ್ಮನ್ನು ಕೇಳಿದರೆ ನೀವು ನಕ್ಕಿರಿ.

"ಇಂಟರ್ವಲ್‌ಗೇ ಎದ್ದು ಬರ್ತಿದ್ದೆ ಕಣಮ್ಮ. ಕೂತ್ರೆ ನಮ್ಮೂರಿನ ಬಸ್ಸು ಹೋಗ್ಬಿಡ್ತಿತ್ತು. ಮಿಕ್ಕಿದ್ದು ನಾನೇ ಸೇರಿಸ್ದೆ." ಆಮೇಲೆ ಮೆಲ್ಲಗೆ ಅಂದಿರಿ: "ದಿನಾ ಕೈ ಬೇಯಿಸ್ಕೊಳ್ಳೋ ಹೆಂಗಸರು. ಅವರ ಮುಂದೆ ಆಯಮ್ಮನ್ನ ಹೆಂಗಮ್ಮ ಸಾಯಿಸ್ಲಿ?"

ನಾನು ಕಥೆ ಬರೆಯಲು ಕಲಿತದ್ದು ಆ ಮಾತಿನಿಂದ. ಕಾದಂಬರಿಯ ಕೊನೆಯಲ್ಲಿ ನನ್ನ ನಾಯಕಿ ಬಸ್ ಸ್ಟ್ಯಾಂಡಿನ ಪಕ್ಕ ಹೋಟೆಲ್ ಇಡುತ್ತಾಳಲ್ಲ, ಅದು ನೀವು ಕೊಟ್ಟ ಹೋಟೆಲ್ ಅತ್ತೆ. ಇಷ್ಟು ವರ್ಷ ಇದನ್ನು ನಿಮಗೆ ಬಾಯಿಬಿಟ್ಟು ಹೇಳಲಿಲ್ಲ.

ಅವತ್ತು ಕಾಫಿ ಲೋಟ ಕೆಳಗಿಟ್ಟು ಆ ನಿರ್ದೇಶಕರು ಅಂದರು: "ಫಸ್ಟ್ ಹಾಫ್ ಸೂಪರ್ ಮೇಡಂ. ಸೆಕೆಂಡ್ ಹಾಫಲ್ಲಿ ಮಾತ್ರ ಅವಳು ಸಾಯ್ಬೇಕು. ಥಿಯೇಟರೆಲ್ಲಾ ಅಳ್ಬೇಕು."

ಹೂಂ ಎನ್ನಲು ಬಾಯಿ ತೆರೆದೆ. ಅಷ್ಟು ಆಸೆಯಿತ್ತು. ಆಗ ನೀರಿನಲ್ಲಿ ನೆನೆದು ಬಿಳಿಚಿಕೊಂಡ ನಿಮ್ಮ ಬೆರಳುಗಳು ಕಣ್ಣ ಮುಂದೆ ಬಂದವು. "ಅವಳು ಸಾಯಲ್ಲ ಸಾರ್" ಅಂದುಬಿಟ್ಟೆ. ಯೋಚನೆ ಮಾಡಿ ಫೋನ್ ಮಾಡುತ್ತೇನೆಂದು ಹೋದವರು ಒಂದು ತಿಂಗಳಾದರೂ ಮಾಡಿಲ್ಲ. ಫೋನ್ ಬಂದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ. ಎತ್ತಿದರೆ, ನಂದಿ ಬೆಟ್ಟದ ಹತ್ತಿರ ಸೈಟು ಬೇಕಾ ಮೇಡಂ ಅಂತ ಯಾರೋ ಕೇಳುತ್ತಾರೆ.

ಬೇಜಾರಿಲ್ಲ ಎಂದರೆ ಸುಳ್ಳು. ಆದರೆ ಒಪ್ಪಿಕೊಂಡಿದ್ದರೆ ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಸಿನಿಮಾ ನೋಡಲು ನನಗೆ ಮುಖವಿರುತ್ತಿರಲಿಲ್ಲ. ನನ್ನನ್ನು ಉಳಿಸಿದಿರಿ.

ಭಾನುವಾರ ಊರಿಗೆ ಬರುತ್ತೇನೆ. ರಾತ್ರಿ ಅಲ್ಲೇ ಇರುತ್ತೇನೆ, ಬಸ್ಸಿನ ಅವಸರ ಇಬ್ಬರಿಗೂ ಇಲ್ಲ. ನನ್ನ ಕಥೆ ಸದ್ಯಕ್ಕೆ ಇಂಟರ್ವಲ್‌ನಲ್ಲಿ ನಿಂತಿದೆ. ಆ ನಿರ್ದೇಶಕರು ಫೋನ್ ಮಾಡಿದರೋ ಇಲ್ಲವೋ, ಮಿಕ್ಕಿದ್ದನ್ನು ನೀವೇ ಸೇರಿಸಿ ಹೇಳಬೇಕು.

ನಿಮ್ಮ ಕೈಗಳು ಇನ್ನು ಸದಾ ತಣ್ಣಗಿರಲಿ.

ಗೂಡಿನ ಚೀಲಕ್ಕೆ ಒರಗಿ ಕೂತಿದ್ದವಳು,
ರೂಪ