ಎಲ್ಲರೂ ‘ಎಂದೂ ಇಲ್ಲ’ ಎಂದ ಶಾಲೆ

ಚಿತ್ರದುರ್ಗ
ಬುಧವಾರ, 11 ಜೂನ್ 2003

ಪ್ರೀತಿಯ ಹುಮೇರಾ,

ಇದನ್ನು ನಿನಗೆ ಹೇಳದೆ ಬಿಟ್ಟುಬಿಡುವುದರಲ್ಲಿದ್ದೆ. ಫೋನಿನಲ್ಲಿ ಹೇಳಿದರೆ ನಕ್ಕು ಮಾತು ಹಾರಿಸುತ್ತೀ, ಅದಕ್ಕೇ ಕಾಗದ.

ನನ್ನ ಪಿಎಚ್.ಡಿ.ಗಾಗಿ ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಪ್ರೌಢಶಾಲೆಗಳ ವಾತಾವರಣ ಅಳೆಯಲು ಶಿಕ್ಷಕರಿಗೆ ಪ್ರಶ್ನಾವಳಿ ಕೊಟ್ಟಿದ್ದೆನಲ್ಲ, ಅದರಲ್ಲಿ ನೀನು ಮುಖ್ಯೋಪಾಧ್ಯಾಯಿನಿಯಾಗಿರುವ ಶಾಲೆಯದೇ ಎಲ್ಲಕ್ಕಿಂತ ಕಡಿಮೆ ಅಂಕ. ‘ಮುಖ್ಯಸ್ಥರು ಶಿಕ್ಷಕರ ಸ್ವಂತ ಕಷ್ಟಕ್ಕೆ ಒದಗುತ್ತಾರೆಯೇ?’ ಎಂಬುದಕ್ಕೆ ನಿನ್ನವರೆಲ್ಲರೂ ‘ಎಂದೂ ಇಲ್ಲ’ ಎಂದು ಗುರುತು ಹಾಕಿದ್ದರು. ಅದನ್ನು ಫೋನಿನಲ್ಲಿ ಕೇಳಿದ ನೀನು, ಹಾಗಾದರೆ ಇಲ್ಲಿಗೇ, ದುರ್ಗಕ್ಕೆ ವರ್ಗಾವಣೆ ಕೇಳುತ್ತೇನೆ ಎಂದು ನಕ್ಕುಬಿಟ್ಟೆ. ಆ ನಗು ನನಗೆ ಗೊತ್ತಿರುವ ನಗುವಲ್ಲ.

ನಿನ್ನೆ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಕಾಟಲಿಂಗಪ್ಪ ಸಿಕ್ಕರು. ಜೊತೆಗೆ ಗಣಿತದ ರಮ್ಯಾ, ಸೊಂಟದಲ್ಲಿ ಕೂಸು.

“ನಮ್ದೆಷ್ಟು ಬಂತ್ರಿ ಮೇಡಂ?” ಎಂದರು ಮೇಷ್ಟ್ರು.

ಹೇಳಿದೆ. ಅವರ ಮುಖ ಸಪ್ಪಗಾಯಿತು.

“ಅಲ್ರೀ, ಟೀ ಕುಡೀತಾ ಕುಂತು, ಎಲ್ರೂ ಒಂದೇ ತರ ಬರೀರಿ ಅಂದೋನು ನಾನೇ. ಈ ಕೂಸಿಗೆ ಹಾಲು ಕುಡಿಸಾಕೆ ರಮ್ಯಾನ ಕಳಿಸಿ, ಕೊನೇ ಪಿರಿಯಡ್ ಎಚ್.ಎಂ. ಮೇಡಂ ತಾವೇ ತಗಂತಾರೆ. ಅದನ್ನ ಬರೆದು, ಅದು ಮೇಲಿನ ಆಫೀಸ್ನೋರ ಕಣ್ಣಿಗೆ ಬಿದ್ರೆ ನಾಳೆ ಅವರಿಗೇ ನೋಟಿಸ್ ಬರಲ್ವೇನ್ರಿ?”

“ನಾನು ‘ಯಾವಾಗಲೂ’ ಅಂತ್ಲೇ ಹಾಕಿದ್ದೆ ಮೇಡಂ. ಸರ್ ರಬ್ಬರ್ ತಗಂಡು ಅಳಿಸಿಬಿಟ್ರು,” ಎಂದಳು ರಮ್ಯಾ.

“ಡ್ರಾಯಿಂಗ್ ಮೇಷ್ಟ್ರ ಜೇಬಾಗೆ ರಬ್ಬರ್ ಇರೋದೇ ಅದಕ್ಕಲ್ಲೇನವ್ವ!”

ನಕ್ಕೆವು. ಬಸ್ಸು ಹತ್ತಿದ ಮೇಲೆ ನನಗೆ ನಾಚಿಕೆಯಾಯಿತು. ಎಲ್ಲರ ಉತ್ತರವೂ ಒಂದೇ ಇದ್ದದ್ದನ್ನು ನೋಡಿ ಒಮ್ಮತ ಅಂದುಕೊಂಡಿದ್ದೆ, ಭಯ ಎಂದು ಹೊಳೆದಿರಲಿಲ್ಲ. ಅವರು ಬರೆದದ್ದನ್ನು ನಾನು ತಿದ್ದುವಂತಿಲ್ಲ. ನಿನ್ನ ಶಾಲೆಯನ್ನು ಲೆಕ್ಕದಿಂದ ಕೈಬಿಟ್ಟು, ಹೆಸರು ಹೇಳದೆ ಕಾರಣ ಬರೆಯುತ್ತೇನೆ. ಮಾರ್ಗದರ್ಶಕರು ಗೊಣಗಿದರೆ ಗೊಣಗಲಿ.

ವರ್ಗಾವಣೆ ಅರ್ಜಿಗೆ ಸೋಮವಾರ ಕೊನೆಯ ದಿನ ಎಂದು ನೀನೇ ಅಂದಿದ್ದೆ. ಕೊಡಬೇಡ ಕಣೇ. ನಿನ್ನನ್ನು ಕಾಪಾಡಲೆಂದೇ ಅವರು ನಿನ್ನನ್ನು ಕಲ್ಲುಮನಸ್ಸಿನವಳನ್ನಾಗಿ ಮಾಡಿದ್ದಾರೆ.

ನಿನ್ನ,
ಪ್ರಮೀಳಾ

ತಾ.ಕ.: ಅಂಕ ಕಡಿಮೆ ಬಂದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ನೀನು ದುರ್ಗಕ್ಕೆ ಬಂದರೆ ಸಂಜೆ ಇಬ್ಬರೂ ಚಂದ್ರವಳ್ಳಿವರೆಗೆ ನಡೆದು ಬರಬಹುದೆಂದು, ನಮ್ಮ ಬೀದಿಯಲ್ಲೇ ನಿನಗೊಂದು ಬಾಡಿಗೆ ಮನೆಯನ್ನೂ ನೋಡಿಟ್ಟಿದ್ದೆ. ಬೇರೆಯವರಿಗೆ ಕೊಡಿ ಎಂದು ಈಗಷ್ಟೇ ಹೇಳಿ ಬಂದೆ. ಮನಸ್ಸು ಬದಲಾಗುವ ಮೊದಲೇ ಇದನ್ನು ಅಂಚೆಗೆ ಹಾಕುತ್ತೇನೆ: ನಾಳೆ, ಗುರುವಾರ, 12 ಜೂನ್ 2003.