ಎರಡನೇ ಸಿಲಿಂಡರಿನ ಪ್ಲಗ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಲ್ಯಾಬ್ ಮೇಡಂ ಕಾರು ಮತ್ತೆ ಬಂತು. ಮೂರನೇ ಸಲ. ರಕ್ತ ಪರೀಕ್ಷೆ ಲ್ಯಾಬ್ ನಡೆಸೋ ಹೆಂಗಸು, ರಿಪೋರ್ಟ್ ಇಲ್ಲದೆ ಏನನ್ನೂ ನಂಬಲ್ಲ. ಟರ್ಬೊ ಗಾಡಿ. ನಿಂತಲ್ಲಿ ಮಗು ಥರ ನಿದ್ದೆ ಮಾಡುತ್ತೆ. ಏರು ಹತ್ತುವಾಗ, ಟರ್ಬೊ ಎಳೆಯೋಕೆ ಶುರುವಾದ ಕೂಡಲೇ ಜರ್ಕ್... ಬಿಕ್ಕಳಿಕೆ ಬಂದ ಹಾಗೆ.

ಸ್ಕ್ಯಾನರ್ ಹಾಕಿದೆ. ಅದೇ ಹಾಡು. ಮೂರನೇ ಸಿಲಿಂಡರಲ್ಲಿ ಮಿಸ್‌ಫೈರ್, ಕಿಡಿ ಸರಿಯಾಗಿ ಹತ್ತುತ್ತಿಲ್ಲ. ನಾಲ್ಕೂ ಪ್ಲಗ್ ಹೊಸದು ಹಾಕಿಯಾಗಿದೆ. ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಹೋದ ವಾರ ಬದಲಿಸಿದ್ದೆ. ಇವತ್ತು ಇನ್ನೊಂದು ಕಾಯಿಲ್.

"ಇದು ಅಂದಾಜೋ, ಇಲ್ಲಾ ಗೊತ್ತೋ?" ಅಂದ್ರು ಮೇಡಂ.

ಗೊತ್ತು ಅಂದೆ.

ಷಡ್ಡಕ ಪಕ್ಕದಲ್ಲಿ ನಿಂತು ನೋಡ್ತಿದ್ದ. ನಾದಿನಿ ಗಂಡ. ಬಸ್ ಡಿಪೋದಲ್ಲಿದ್ದವನು, ಅದು ಮುಚ್ಚಿದ ಮೇಲೆ ಮಾವ ಕರೆದು ತಮ್ಮ ಈ ಗ್ಯಾರೇಜಿಗೆ ಸೇರಿಸಿಕೊಂಡರು. ನಾಲ್ಕು ತಿಂಗಳಾಯ್ತು. ನನಗಿಲ್ಲಿ ಹನ್ನೊಂದು ವರ್ಷ.

ಮಾರ್ಚ್ 5, ಬುಧವಾರ

ಮೇಡಂ ವಾಪಸ್. ಈ ಸಲ ನನ್ನ ಹತ್ತಿರ ಬರಲೇ ಇಲ್ಲ, ಸೀದಾ ಮಾವನ ಹತ್ತಿರ. ಮಾವ ಕೂತಲ್ಲಿಂದಲೇ ಕೂಗಿದ್ರು — "ಬಾರೋ, ನೀನೊಂದ್ಸಲ ನೋಡೋ."

ನನಗಲ್ಲ. ಅವನಿಗೆ.

ಬಂದ. "ಭಾವ, ಬೇಜಾರು ಮಾಡ್ಕೋಬೇಡಿ. ಮೂರರ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ ಹಾಕೋಣ. ತಪ್ಪು ಕಾಯಿಲ್‌ದೇ ಆದ್ರೆ ಕಾಯಿಲೆನೂ ಅದರ ಜೊತೆ ಒಂದಕ್ಕೆ ಹೋಗಬೇಕು."

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ.

ಏರು ರಸ್ತೇಲಿ ಓಡಿಸಿ ತಂದ. ಕಾಯಿಲೆ ಮೂರರಲ್ಲೇ ಉಳಿದಿತ್ತು. ಪ್ಲಗ್ ಬಿಚ್ಚಿದ. ಜೇಬಿಂದ ಗೇಜ್ ತೆಗೆದ — ಕಾಗದದಷ್ಟು ತೆಳು ಉಕ್ಕಿನ ಪಟ್ಟಿಗಳ ಗೊಂಚಲು. ಪ್ಲಗ್ ತುದಿಯ ಸಂದಿಗೆ ಒಂದೊಂದೇ ತೂರಿಸಿ ನೋಡಿದ. ಪಾಯಿಂಟ್ ಏಳು ಮಿಲಿಮೀಟರ್ ಇರಬೇಕಾದ ಕಡೆ ಒಂದು ಪಾಯಿಂಟ್ ಒಂದು.

"ಟರ್ಬೊ ಒಳಗೆ ಗಾಳಿ ತುರುಕುತ್ತೆ ಮೇಡಂ. ಅಷ್ಟು ಒತ್ತಡದಲ್ಲಿ ಕಿಡಿ ಇಷ್ಟಗಲ ಹಾರಲ್ಲ. ಕಾಯಿಲ್ ಪಾಪ, ಎಷ್ಟು ಅಂತ ಏಗುತ್ತೆ."

ಉಳಿದ ಮೂರೂ ಸರಿ ಇದ್ವು. ಇದೊಂದು ಡಬ್ಬಿಯಿಂದಲೇ ಹಾಗೆ ಬಂದಿತ್ತು. ಅಳೆಯದೆ ಹಾಕಿದ್ದು ನಾನು.

ಅವನು ಸಂದಿ ಸರಿ ಮಾಡಿ ಹಾಕಿದ, ಏರಲ್ಲಿ ಜರ್ಕ್ ಮಾಯ. ಮಾವ ಅವನ ಬೆನ್ನು ತಟ್ಟಿದ್ರು. ಮೇಡಂ ಹೋಗುವಾಗ, "ಇನ್ಮೇಲೆ ನನ್ನ ಕಾರು ಇವರೇ ಮುಟ್ಟಲಿ" ಅಂದ್ರು.

ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಮಾರ್ಚ್ 6, ಗುರುವಾರ

ಒಂದು ವಿಷಯ. ಮಾವ ನನ್ನನ್ನ ಹನ್ನೊಂದು ವರ್ಷದಿಂದ "ನೀವು" ಅಂತಾರೆ. "ಅಳಿಯಂದ್ರೇ, ಕೂತ್ಕೊಳ್ಳಿ." ಅವನಿಗೆ ನಾಲ್ಕೇ ತಿಂಗಳಲ್ಲಿ "ನೀನು", "ಬಾರೋ", "ತಿಂದ್ಯೇನೋ". ಮರ್ಯಾದೆ ನನಗೆ, ಸಲಿಗೆ ಅವನಿಗೆ. ಮರ್ಯಾದೆ ತಗೊಂಡು ಏನು ಮಾಡಲಿ?

ಮೊಣಕಾಲು ನೋವು ಅಂತ ಈ ತಿಂಗಳಾದ ಮೇಲೆ ಮಾವ ಮನೇಲೇ ಇರ್ತಾರಂತೆ. ಗ್ಯಾರೇಜ್ ಕೀ ಒಬ್ಬರ ಕೈಗೆ ಕೊಡಬೇಕು. ಯಾರ ಕೈಗೆ ಅಂತ ಹೇಳಿಲ್ಲ. ಹೋದ ವರ್ಷ ಇದು ಪ್ರಶ್ನೆಯೇ ಆಗಿರಲಿಲ್ಲ.

ಊಟಕ್ಕೆ ಕೂತಾಗ ಹೆಂಡತಿ: "ತಂಗಿ ಫೋನ್ ಮಾಡಿದ್ಲು. ಎಷ್ಟು ಖುಷಿಯಾಗಿದ್ದಾಳೆ ಗೊತ್ತಾ?"

ಗೊತ್ತು ಅಂದೆ. ತಟ್ಟೆ ಸರಿಸಿ ಎದ್ದೆ.

ಮಾರ್ಚ್ 14, ಶುಕ್ರವಾರ

ಎಂಟು ದಿನ ಬರೆಯಲಿಲ್ಲ. ಬರೆಯೋಕೆ ಒಂದೇ ವಿಷಯ, ಅದು ಅವನು. ಅವನ ಕೈ ನೋಡ್ತಾ ಕೂತಿರ್ತೀನಿ. ಬೋಲ್ಟ್ ಬಿಗಿ ಮಾಡುವಾಗ ಆತುರ ಇಲ್ಲ, ಅನುಮಾನ ಇಲ್ಲ. ಗ್ರೀಸ್ ಕೂಡ ಅವನಿಗೆ ಕಡಿಮೆ ಮೆತ್ತುತ್ತೆ ಅನ್ಸುತ್ತೆ. ಹುಚ್ಚು.

ಮಾರ್ಚ್ 19, ಬುಧವಾರ. ಮಧ್ಯಾಹ್ನ 3

ಮೇಡಂ ಕಾರು ಸರ್ವಿಸಿಗೆ ಬಂದಿತ್ತು. ಎಲ್ಲಾ ಅವನೇ ಮಾಡಿದ. ನಾಲ್ಕೂ ಪ್ಲಗ್ ತೆಗೆದು, ಒರೆಸಿ, ಅಳೆದು ಹಾಕಿದ. ಊಟಕ್ಕೆ ಹೋದ. ಮಾವನೂ ಹೋದ್ರು.

ಎರಡನೇ ಪ್ಲಗ್ ಬಿಚ್ಚಿದೆ. ಸ್ಕ್ರೂಡ್ರೈವರ್ ತುದಿಯಿಂದ ಸಂದಿ ಅಗಲ ಮಾಡಿದೆ. ಒಂದು ಪಾಯಿಂಟ್ ಮೂರರ ತನಕ. ವಾಪಸ್ ಹಾಕಿ, ಕಾಯಿಲ್ ಕೂರಿಸಿ, ಮುಚ್ಚಿದೆ. ಆರು ನಿಮಿಷದ ಕೆಲಸ. ಜರ್ಕ್ ಹೊಡೀಲಿ. ಮೇಡಂ ಒಂದ್ಸಲ ಅವನ ಮುಂದೆನೂ ಕೇಳಲಿ, ಅಂದಾಜೋ ಗೊತ್ತೋ ಅಂತ. ಅಷ್ಟೇ. ಅಷ್ಟೇ ನನಗೆ ಬೇಕಾಗಿದ್ದು.

ಕೈ ತೊಳೆದೆ. ಎರಡು ಸಲ.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಮಾವ, "ಬನ್ನಿ ಅಳಿಯಂದ್ರೇ, ಮೂವರೂ ಹೋಗಿ ಕಾರು ಕೊಟ್ಟು ಬರೋಣ" ಅಂದ್ರು. ಇಲ್ಲ ಅನ್ನೋಕೆ ಕಾರಣ ಹೊಳೆಯಲಿಲ್ಲ. ಅವನು ಸ್ಟೀರಿಂಗ್. ಮಾವ ಪಕ್ಕದಲ್ಲಿ. ನಾನು ಹಿಂದೆ.

ಊರೊಳಗೆ ಏನೂ ಆಗಲಿಲ್ಲ. ಹೈವೇಲಿ ಮುಂದೆ ಒಂದು ಜಲ್ಲಿ ಲಾರಿ. ಅವನು ಇಂಡಿಕೇಟರ್ ಹಾಕಿ ಬಲಕ್ಕೆ ತೆಗೆದ. ಬೇಡ ಅನ್ನಬೇಕು... ಅನ್ನಲಿಲ್ಲ. ಆಕ್ಸಿಲರೇಟರ್ ಒತ್ತಿದ. ಟರ್ಬೊ ಎಳೀತು — ಇಂಜಿನ್ ಕೆಮ್ಮಿತು. ಧಡ ಧಡ. ಶಕ್ತಿಯೇ ಇಲ್ಲ. ಲಾರಿಗೆ ಸಮವಾಗಿ ಸಿಕ್ಕಿಬಿದ್ವಿ. ಎದುರಿಗೆ ಬಸ್ಸು.

ಅವನು ಬ್ರೇಕ್ ಹಾಕಿ ಲಾರಿ ಹಿಂದಕ್ಕೆ ಸೇರಿಸಿ ಮಣ್ಣಿಗಿಳಿಸಿದ. ಬಸ್ಸಿನ ಗಾಳಿ ಕಾರನ್ನ ಅಲ್ಲಾಡಿಸಿತು. ಮಾವನ ಎಡಗೈ ಡ್ಯಾಶ್‌ಬೋರ್ಡಿಗೆ ಬಡಿದು ಮಣಿಕಟ್ಟು ಮುರೀತು. "ಏನ್ ಮಾಡಿದ್ಯೋ ಗಾಡಿಗೆ?" ಅಂದ್ರು ಅವನಿಗೆ. ಅಷ್ಟೇ.

ಸಂಜೆ 5

ಆಸ್ಪತ್ರೆಯಿಂದ ಬಂದ್ವಿ. ಮಾವನ ಕೈಗೆ ಪ್ಲಾಸ್ಟರ್. ಕಾರು ಎಳೆಸಿ ತಂದು, ಸ್ಕ್ಯಾನರ್ ತೋರಿಸಿದ ಎರಡನೇ ಪ್ಲಗ್ ಅವನು ಬಿಚ್ಚಿದ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನ.

"ಏನು?" ಅಂದ್ರು ಮಾವ.

"ಇದೊಂದು ಅಳೆಯೋದು ಮರೆತೆ ಮಾವ. ನಂದೇ ತಪ್ಪು."

ಮಾರ್ಚ್ 31, ಸೋಮವಾರ

ಕೀ ನನ್ನ ಕೈಗೆ ಬಂತು. "ನಂಬಿಕೆ ಮುಖ್ಯ ಅಳಿಯಂದ್ರೇ" ಅಂದ್ರು ಮಾವ. ಅವನಿಗೆ ನಾಳೆಯಿಂದ ಬರಬೇಡ ಅಂದಿದ್ದಾರೆ. ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡಿದ್ದಾನೆ. ಅಕ್ಕತಂಗಿಯರಿಬ್ಬರೂ ಒಳಗೆ ಬಾಗಿಲು ಹಾಕ್ಕೊಂಡು ಅಳ್ತಿದ್ದಾರೆ.

ಕೀ ಗೊಂಚಲು ಜೇಬಲ್ಲಿ. ತೊಡೆಗೆ ಚುಚ್ಚುತ್ತೆ.

ಏಪ್ರಿಲ್ 2, ಬುಧವಾರ

ಅವನ ಮನೆಗೆ ಹೋದೆ. ಪೆಟ್ಟಿಗೆ ಕಟ್ಟುತ್ತಿದ್ದ.

"ನಿನಗೆ ಗೊತ್ತಿತ್ತು ಅಲ್ವಾ?"

"ಸ್ಕ್ರೂಡ್ರೈವರ್ ಗೀರು ಕಾಣ್ತಿತ್ತು ಭಾವ. ನಾನು ಹಾಗೆ ಅಗಲಿಸಲ್ಲ."

"ಮತ್ತೆ ಹೇಳಲಿಲ್ಲ ಯಾಕೆ?"

ಹಗ್ಗ ಗಂಟು ಹಾಕ್ತಾ ಅಂದ: "ಹೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು. ಅಕ್ಕ, ಮಕ್ಕಳು... ನನಗೆ ಎಲ್ಲಿ ಹೋದ್ರೂ ಕೆಲಸ ಸಿಗುತ್ತೆ. ನಿಮಗೆ ಕಷ್ಟ."

ಚುಚ್ಚೋಕೆ ಅಂದಿದ್ದಲ್ಲ. ಮಳೆ ಬರ್ತಿದೆ ಅಂತ ಹೇಳೋ ಹಾಗೆ ಹೇಳಿದ. ಅದೇ ತಡೆಯೋಕಾಗಲಿಲ್ಲ. ಕಾಲಿಗೆ ಬೀಳೋಣ ಅಂತ ಹೋದವನು, ಕೆನ್ನೆಗೆ ಬಾರಿಸಿಬಿಡ್ತಿದ್ದೆನೇನೋ. ಎದ್ದು ಬಂದೆ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 11

ಮಾವನಿಗೆ ಹೇಳಿದೆ. ಎಲ್ಲಾ. ಸ್ಕ್ರೂಡ್ರೈವರ್, ಆರು ನಿಮಿಷ, ಲಾರಿ ಹತ್ತಿರ ಬಾಯಿ ಬಿಡದೆ ಕೂತಿದ್ದು. ಪ್ಲಾಸ್ಟರ್ ಕೈ ತೊಡೆ ಮೇಲಿಟ್ಟುಕೊಂಡು ಕೇಳಿದ್ರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿಂದ ಅಂತ ಗೊತ್ತಿಲ್ಲ.

ಮಾವ ಬಲಗೈ ಚಾಚಿದ್ರು. ಕೀ ಕೊಟ್ಟೆ.

ಫೋನ್ ಮಾಡಿ ಅವನಿಗೆ ಪೆಟ್ಟಿಗೆ ಬಿಚ್ಚು ಅಂದ್ರು. ಆಮೇಲೆ ನನ್ನ ಕಡೆ ನೋಡದೆ: "ಸೋಮವಾರ ಎಂಟಕ್ಕೆ ಬನ್ನಿ. ಅವನು ಹೇಳಿದ ಕೆಲಸ ಮಾಡಿ. ಆಗಲ್ಲ ಅನ್ನೋದಾದ್ರೆ ಬರಬೇಡಿ."

ಹೆಂಡತಿ ತಂಗಿಗೆ ಫೋನ್ ಹಚ್ಚಿ ಒಳಗೆ ಹೋದಳು.

ಏಪ್ರಿಲ್ 7, ಸೋಮವಾರ. 8.40

ಬಂದೆ. ಬೆಂಚಿನ ಮೂಲೇಲಿ ಕೂತು ಬರೀತಿದ್ದೀನಿ. ಇನ್ನೊಂದು ಟರ್ಬೊ ಗಾಡಿ ಬಂದಿದೆ, ಬಿಳಿ. ಅವನು ಬಾನೆಟ್ ಎತ್ತಿ, ಕಾಯಿಲ್ ಒಂದೊಂದೇ ತೆಗೆದು ಬಟ್ಟೆ ಮೇಲೆ ಸಾಲಾಗಿ ಇಡ್ತಿದ್ದಾನೆ. ಒಳಗೆ ಬಂದಾಗ, "ಟೀ ಆಯ್ತಾ ಭಾವ?" ಅಂದ. ಬೇರೆ ಏನೂ ಕೇಳಲಿಲ್ಲ.

ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತೆ ಅಂತಾರೆ. ಸ್ವಲ್ಪ ಆಗಿದೆ. ಹೊಟ್ಟೆಕಿಚ್ಚು ಆರಿದೆ ಅಂತ ಬರೆದರೆ ಮಾತ್ರ ಸುಳ್ಳಾಗುತ್ತೆ. ಅವನ ಕೈ ಕಾಣುತ್ತೆ ಇಲ್ಲಿಂದ. ಪ್ಲಗ್ ಬಿಚ್ಚುವಾಗ ಕಣ್ಣು ಮುಚ್ಚಿಕೊಂಡಿದ್ದಾನೆ, ಬೆರಳಿಗೇ ಎಲ್ಲಾ ಗೊತ್ತು ಅನ್ನೋ ಹಾಗೆ. ಅದು ನೋಡಿದ್ರೆ ಇವತ್ತಿಗೂ ನನಗೆ —

ಕರೀತಿದ್ದಾನೆ. ನಾಲ್ಕೂ ನಾನೇ ಅಳೀಬೇಕಂತೆ. ಅವನು ನೋಡ್ತಾ ನಿಲ್ತಾನಂತೆ.